ಗಂಜಿಯ ವರ್ಷ

ಹಣೆ ಮುಟ್ಟಿದ ಕೂಡಲೇ ಸುನಂದಾಳಿಗೆ ಗೊತ್ತಾಯಿತು. ಆರು ವರ್ಷದ ಮಗಳು ಸಹನಾ ಚಳಿಗೆ ನಡುಗುತ್ತ, ಉಚ್ಚೆ ಉರಿಯೆಂದು ಅಳುತ್ತಿದ್ದಳು. ಮತ್ತೆ ಕಿಡ್ನಿ ಸೋಂಕು. ಸನವಳ್ಳಿಯಿಂದ ಮುಂಡಗೋಡ, ಅಲ್ಲಿಂದ ಹುಬ್ಬಳ್ಳಿಯ ಆಸ್ಪತ್ರೆ. ಮನೆಗೆ ಬಂದು ಕೂಸು ಚೇತರಿಸಿಕೊಳ್ಳುವಷ್ಟರಲ್ಲಿ ಮತ್ತೆ ಜ್ವರ. ವರ್ಷವಿಡೀ ಇದೇ ಆಗಿತ್ತು.

ಈ ಸಲ ಜ್ವರ ಇಳಿದ ಮೇಲೆ ಡಾಕ್ಟರ್ ಅನ್ನಪೂರ್ಣಾ ಇನ್ನೊಂದು ರಕ್ತಪರೀಕ್ಷೆ ಮಾಡಿಸಿದರು.

"ಮೈಯಾಗ ಝಿಂಕ್ ಕಡಿಮಿ ಐತ್ರಿ. ಬೇಕಾಗೂದು ಕಣದಷ್ಟ, ಆದ್ರ ಅದಿಲ್ಲಂದ್ರ ರೋಗ ತಡಕೊಳ್ಳಾಕ ಆಗೂದಿಲ್ಲ. ಏನ್ ಉಣ್ಣಾಕ ಕೊಡ್ತೀರಿ?"

"ಅಕ್ಕಿ ಗಂಜಿ."

"ಜ್ವರ ಇಲ್ಲದಾಗ?"

"ಆವಾಗೂ ಗಂಜೀನ್ರಿ."

ಅಡುಗೆಮನೆ ಅತ್ತೆ ಶಿವವ್ವನದು. ಶೇಂಗಾ, ಎಳ್ಳು, ಕಾಳು ಎಲ್ಲ ಉಷ್ಣ ಎನ್ನುತ್ತಿದ್ದಳು. ಮೊಮ್ಮಗಳೆಂದರೆ ಆಕೆಗೆ ಜೀವ. ಹೆದರಿಕೆಗೇ ಗಂಜಿ ಬಿಟ್ಟು ಬೇರೇನೂ ಕೊಡುತ್ತಿರಲಿಲ್ಲ. ಗಂಡ ಅಜಯನಿಗೆ ಹೇಳಿದರೆ, "ಅವ್ವ ಹೇಳಿದಂಗ ಮಾಡು" ಎಂದು ಹೊಲದ ದಾರಿ ಹಿಡಿಯುತ್ತಿದ್ದ.

"ಇದರಿಂದನ ಈ ಬ್ಯಾನಿ ಬಂತೇನ್ರಿ?" ಸುನಂದಾ ಕೇಳಿದಳು.

"ಹಂಗ ಹೇಳಾಕ ಬರೂದಿಲ್ಲ. ಮ್ಯಾಲಿಂದ ಮ್ಯಾಲೆ ಸೋಂಕಾದ್ರೂ ಝಿಂಕ್ ಇಳೀತೈತಿ. ಯಾವುದು ಮೊದಲೋ ನನಗೂ ಗೊತ್ತಿಲ್ಲ. ಔಷಧ ಬಿಡಬ್ಯಾಡ್ರಿ, ಊಟ ಬದಲಿಸ್ರಿ. ಕಾಳು, ಶೇಂಗಾದಾಗ ಝಿಂಕ್ ಇರ್ತೈತಿ."

ಅತ್ತೆಯ ಮುಂದೆ ಹೇಳಲು ಒಂದು ಗಟ್ಟಿ ಮಾತು ಸಿಗುತ್ತದೆಂದು ಕಾದಿದ್ದಳು. ಅದು ಸಿಗಲಿಲ್ಲ.

ಆದರೂ ಮನೆಗೆ ಬಂದು ಮಗಳ ತಟ್ಟೆಗೆ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ತಾನೇ ಬಡಿಸಿದಳು. ಶಿವವ್ವ ಸೊಸೆಯೊಂದಿಗೆ ಮಾತು ಬಿಟ್ಟಳು. ಸಹನಾಳ ಕೆನ್ನೆಗಳು ತುಂಬಿದವು, ಅಂಗಳದಲ್ಲಿ ಓಡಾಡತೊಡಗಿದಳು. ಮಳೆ ಹಿಂದೆಗೆಯುವ ಹೊತ್ತಿಗೆ ಜ್ವರ ಮತ್ತೆ ಬಂತು.

"ನಾ ಹೇಳಿದ್ನಿಲ್ಲ? ಉಷ್ಣ ಆತು" ಎನ್ನುತ್ತ ಶಿವವ್ವ ಅಕ್ಕಿ ತೊಳೆಯಲು ಎದ್ದಳು.

ತಾನೇ ಕೂಸಿಗೆ ಕೇಡು ಮಾಡಿದೆನೇನೋ ಎಂಬ ಅನುಮಾನ ಸುನಂದಾಳನ್ನೂ ಹಿಡಿದಿತ್ತು.

"ಅತ್ತಿ, ನನ್ನ ಮಾತು ನಂಬಬ್ಯಾಡ್ರಿ. ನೀವ ಬಂದು ಡಾಕ್ಟರಿಗೆ ಕೇಳ್ರಿ."

ಶಿವವ್ವ ಬಂದಳು. ಆಕೆ ಹೇಳಿದ್ದನ್ನೆಲ್ಲ ಅನ್ನಪೂರ್ಣಾ ಸಮಾಧಾನದಿಂದ ಕೇಳಿಸಿಕೊಂಡರು.

"ಊಟದಿಂದ ಬಂದದ್ದಲ್ಲ, ಅಜ್ಜಿ. ಚಲೋ ಉಣಸ್ರಿ, ಕೂಸಿಗೆ ಕಸುವು ಬೇಕು. ಆದ್ರ ಹಿಂದಿನ ಸೋಂಕಿನಿಂದ ಒಂದು ಕಿಡ್ನಿಗೆ ಗಾಯದ ಕಲೆ ಬಿದ್ದೈತಿ. ಬೆಳೆಯೂತನಕ ಇದು ಮತ್ತ ಮತ್ತ ಬರಬಹುದು."

ತಿರುಗಿ ಬರುವಾಗ ಬಸ್ಸಿನಲ್ಲಿ ಸಹನಾ ಇಬ್ಬರ ತೊಡೆಗೂ ಅಡ್ಡವಾಗಿ ಮಲಗಿದ್ದಳು. ಶಿವವ್ವ ಸೊಸೆಯ ಕಡೆ ತಿರುಗಿದಳು.

"ಬೆಳೆಯೂತನಕ ಅಂದ್ರ ಎಷ್ಟು ವರ್ಷ?"

"ಅವರೂ ಹೇಳಲಿಲ್ರಿ."

ಶಿವವ್ವ ಸೆರಗಿನಿಂದ ಮೊಮ್ಮಗಳ ಕಾಲು ಮುಚ್ಚಿದಳು. ಕಿಟಕಿಯಾಚೆ ನೋಡುತ್ತ, "ನಾಳೆ ಏನ್ ಮಾಡಿ ಹಾಕೂಣು?" ಎಂದು ಕೇಳಿದಳು.

ಸೊಸೆಯನ್ನು ಆಕೆ ಹಾಗೆ ಕೇಳಿದ್ದು ಅದೇ ಮೊದಲು. "ಹೆಸರುಕಾಳು ನೆನಿ ಹಾಕೂಣ್ರಿ, ಅತ್ತಿ" ಎಂದಳು ಸುನಂದಾ.