ರುಮೊಂದಾಂಗ್ ಟೀಚರಿಗೆ ಹಾಡು ಬೇಡವಂತೆ

ನಮ್ಮ ರುಮೊಂದಾಂಗ್ ಟೀಚರು ಗುರುವಾರ ತೀರಿಕೊಂಡರು. ಶುಕ್ರವಾರ ಅವರ ಕುಲದ ಗಂಡಸರು ಅಂಗಳದಲ್ಲಿ ಚಾಪೆ ಹಾಸಿಕೊಂಡು ಕೂತು ತೀರ್ಮಾನ ಮಾಡಿದರು: ಹಾಡು ಬೇಡ, ಡೋಲು ಬೇಡ, ಶನಿವಾರ ಚರ್ಚಿನ ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಮಣ್ಣು ಮಾಡಿಬಿಡುವುದು. ಕಾರಣ, ಟೀಚರಿಗೆ ಮಕ್ಕಳಿರಲಿಲ್ಲ.

ತೋಬಾ ಸರೋವರದ ಈ ದಡದಲ್ಲಿ ಮೊಮ್ಮಕ್ಕಳನ್ನು ಕಂಡು ಸತ್ತವರಿಗೆ ಮೂರು ದಿನ ಹಾಡು, ಕೋಣದ ಊಟ. ಸಂತಾನವಿಲ್ಲದವರನ್ನು ಬೇಗ ಸಾಗಿಸುತ್ತಾರೆ. ಇದು ಹಿರಿಯರ ಕಟ್ಟಳೆ. ಚರ್ಚಿನ ಸಭೆಯ ಹಿರಿಯನಾಗಿ ನಾನೂ ಅದನ್ನು ತಲೆಬಾಗಿ ನಡೆಸಿಕೊಂಡು ಬಂದವನೇ. ಆದರೆ ತೀರ್ಪು ಕೊಟ್ಟವನು ಯಾರೆಂದು ನೆನೆದರೆ ಈಗಲೂ ಮೈ ಉರಿಯುತ್ತದೆ. ಟೀಚರ ದಾಯಾದಿ ಅಣ್ಣನ ಮಗ ಮಾರೋಜಾಹಾನ್. ಹತ್ತು ವರ್ಷದವನಾಗಿದ್ದಾಗ ಅವನು ತನ್ನ ಹೆಸರನ್ನೂ ತೊದಲದೆ ಹೇಳಲಾರದವನು. ಟೀಚರು ಎರಡು ವರ್ಷ ದಿನವೂ ಶಾಲೆ ಬಿಟ್ಟಮೇಲೆ ಹಾಡಿಸಿ ಹಾಡಿಸಿ ಅವನ ನಾಲಿಗೆಯನ್ನು ನೇರ ಮಾಡಿದರು. ಆ ನಾಲಿಗೆಯಿಂದಲೇ ಇಂದು ಅವನು ಮದುವೆಗೂ ಸಾವಿಗೂ ಕುಲದ ಪರವಾಗಿ ಮಾತಾಡುವ ದೊಡ್ಡ ಮನುಷ್ಯ.

ನಾನು ತಡೆಯಲಾರದೆ ಕೇಳಿದೆ: "ನಿಮ್ಮಪ್ಪ ಸತ್ತಾಗ ಮೂರು ದಿನ ನಿಂತು ಹಾಡ್ಸಿದ್ದು ಯಾರಪ್ಪಾ? ಜ್ವರ ಇಟ್ಕೊಂಡು ನಿಂತಿದ್ರು."

"ಅಪ್ಪಂಗೆ ಹನ್ನೊಂದು ಜನ ಮೊಮ್ಮಕ್ಕಳು, ಮಾವ. ಅತ್ತೆಗೆ ಯಾರಿದಾರೆ? ನೀವೇ ಹೇಳಿ, ಯಾರಿದಾರೆ?" ಎಂದು ಅವನು ನಕ್ಕ. "ನೀವು ನಮ್ಮ ಮನೆಯಿಂದ ಹೆಣ್ಣು ತಗೊಂಡೋರು. ಹೋಗಿ ಅಡುಗೆ ಕಡೆ ನೋಡ್ಕೊಳ್ಳಿ."

ಹೆಣ್ಣು ತೆಗೆದುಕೊಂಡವರು ಹೆಣ್ಣು ಕೊಟ್ಟವರ ಮುಂದೆ ಎದುರಾಡಬಾರದು. ನನ್ನ ಹೆಂಡತಿ ತಿಯೋಮಿನಾರ್ ಆ ಕುಲದವಳು. ಎಂಟು ತಿಂಗಳ ಹಿಂದೆ ಅವಳನ್ನು ಮಣ್ಣಿಗಿಟ್ಟಾಗ ಐದು ಊರಿನ ಗಾಯನ ತಂಡಗಳನ್ನು ಕರೆತಂದು ಹಾಡಿಸಿದವರು ಇದೇ ಟೀಚರು. ಆದರೂ ನಾನು ಎದ್ದುಹೋಗಿ ಈರುಳ್ಳಿ ಹೆಚ್ಚುತ್ತ ಕೂತೆ. ದೇವರು ನನ್ನನ್ನು ಕ್ಷಮಿಸಲಿ.

ಅದು ನನ್ನ ಮೊದಲನೆಯ ಹೇಡಿತನವಲ್ಲ. ಒಮ್ಮೆ ಮೇದಾನ್ ನಗರದ ಹಾಡಿನ ಸ್ಪರ್ಧೆಯಲ್ಲಿ ನಮ್ಮ ಚರ್ಚಿನ ತಂಡ ಗೆದ್ದಿತು. ವೇದಿಕೆ ಹತ್ತಿ ಬಹುಮಾನ ತೆಗೆದುಕೊಂಡವರು ಪಾದ್ರಿಗಳು ಮತ್ತು ನಾನು. ಕಲಿಸಿದ ಟೀಚರು ಕೆಳಗೆ ನಮ್ಮ ಚೀಲಗಳನ್ನು ಕಾಯುತ್ತ ಕೂತಿದ್ದರು. ನಲವತ್ತೆಂಟು ವರ್ಷ ಶಾಲೆಯಲ್ಲೂ ಚರ್ಚಿನಲ್ಲೂ ಕಲಿಸಿದರು. ಐದು ಊರುಗಳಿಗೆ ನಡೆದು, ದೋಣಿ ಹತ್ತಿ ಹೋದರು. ಕರಿಹಲಗೆಯ ಮೇಲೆ ಸ್ವರಗಳನ್ನು ಒಂದು, ಎರಡು, ಮೂರು ಎಂದು ಅಂಕಿಯಲ್ಲಿ ಬರೆಯುವರು. ಅದನ್ನು ನೋಡಿ ನಾವು ದೋ, ರೆ, ಮಿ ಎಂದು ಹಾಡಬೇಕು. ಸ್ವರ ಗಟ್ಟಿಯಾಗುವ ತನಕ ಒಂದು ಪದವನ್ನೂ ಬಾಯಿಗೆ ಬಿಡುತ್ತಿರಲಿಲ್ಲ. "ಮಾತು ಆಮೇಲೆ. ನಿಮ್ಮ ಮಾತು ದೇವರಿಗೆ ಗೊತ್ತು, ಸ್ವರ ಕೊಡ್ರೋ!" ಎನ್ನುವರು. ಎಲ್ಲಿ ತಪ್ಪಿದರೂ ಕೈಯೆತ್ತಿ ನಿಲ್ಲಿಸಿ, "ಮತ್ತೆ ಮೊದಲಿಂದ" ಎನ್ನುವರು. ತಪ್ಪಾಗಿ ಹೊರಟ ಹಾಡನ್ನು ಮುಗಿಸಲು ಅವರು ಎಂದೂ ಬಿಟ್ಟವರಲ್ಲ.

ನಾನು ಈರುಳ್ಳಿ ಹೆಚ್ಚುವಲ್ಲಿಗೆ ಮೀನು ಮಾರುವ ಲಾಮ್ರಿಯಾ ಬಂದಳು. ಮೂವತ್ತು ವರ್ಷದಿಂದ ನಮ್ಮ ತಂಡದಲ್ಲಿರುವವಳು.

"ಕಣ್ಣೀರು ಈರುಳ್ಳಿಗೋ ಟೀಚರಿಗೋ, ಅಣ್ಣ?"

"ಹೋಗೇ."

"ಹಾಡಬಾರದು ಅಂದ್ರಲ್ಲ, ಅಭ್ಯಾಸ ಮಾಡಬಾರದು ಅಂದ್ರಾ?"

ನಾನು ಚಾಕು ಕೆಳಗಿಟ್ಟೆ.

ಶನಿವಾರ ಹತ್ತು ಗಂಟೆಗೆ ಪೆಟ್ಟಿಗೆಯನ್ನು ಎತ್ತುವಾಗ ಅಂಗಳದ ಬಾಗಿಲಲ್ಲಿ ಐದೂರಿನ ಅರುವತ್ತು ಜನ ಸಾಲಾಗಿ ನಿಂತಿದ್ದರು. ಲಾಮ್ರಿಯಾ ಚರ್ಚಿನ ಕರಿಹಲಗೆಯನ್ನು ಹೊರಿಸಿಕೊಂಡು ಬಂದಿದ್ದಳು. ಟೀಚರು ಕೊನೆಯ ಭಾನುವಾರ ಬರೆದ ಅಂಕಿಗಳು ಅಳಿಸದೆ ಹಾಗೇ ಇದ್ದವು. ಶ್ರುತಿ ಕೊಡುವ ಪೀಪಿ ನನ್ನ ಕೈಯಲ್ಲಿತ್ತು. ಟೀಚರು ಅದನ್ನು ಯಾರಿಗೂ ಮುಟ್ಟಗೊಟ್ಟವರಲ್ಲ. ನಾನು ತಪ್ಪು ತೂತನ್ನು ಊದಿದೆ. ಶ್ರುತಿ ಬಹಳ ಮೇಲಾಯಿತು. ಹಲಗೆಯ ಅಂಕಿ ನೋಡಿ ದೋ, ರೆ, ಮಿ ಎಂದು ಹೊರಟೆವು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಹೆಂಗಸರ ಗಂಟಲು ಕಿರುಗುಟ್ಟಿತು. ಯಾರೂ ಹೇಳದೆಯೇ ಎಲ್ಲರೂ ನಿಂತರು.

"ಮತ್ತೆ ಮೊದಲಿಂದ" ಎಂದೆ.

ಮಾರೋಜಾಹಾನ್ ಧಾವಿಸಿ ಬಂದ. "ಏನಿದು ಮಾವ? ಹಾಡು ಬೇಡ ಅಂದಿರ್ಲಿಲ್ವಾ?"

"ಹಾಡೆಲ್ಲಿದೆ? ಒಂದಾದ್ರೂ ಪದ ಕೇಳಿಸ್ತಾ ನಿಂಗೆ? ಪಾಠ ಇದು."

"ಅಡ್ಡ ನಿಂತಿದೀರ. ದಾರಿ ಬಿಡಿ."

"ಬಿಡಲ್ಲ" ಎಂದೆ. ಹೆಣ್ಣು ಕೊಟ್ಟ ಮನೆಯವರಿಗೆ ನಾನು ಜನ್ಮದಲ್ಲಿ ಮೊದಲ ಸಲ ಹಾಗೆಂದದ್ದು. "ಅತ್ತೆಗೆ ಯಾರಿದಾರೆ ಅಂದ್ಯಲ್ಲ. ಎಣಿಸ್ಕೋ."

"ಎಷ್ಟು ಹೊತ್ತು ಮಾಡ್ತೀರ ಇದನ್ನ?"

"ಸರಿಯಾಗೋ ತನಕ," ಎಂದಳು ಲಾಮ್ರಿಯಾ. "ನೀನೂ ಹಿಂಗೇ ಕಲ್ತೋನಲ್ವೇನೋ? ಮರ್ತೋಯ್ತಾ?"

"ಗ... ಗ... ಗಂಟೆ ಹೊಡೀತದೆ" ಎಂದ ಮಾರೋಜಾಹಾನ್. ನಲವತ್ತು ವರ್ಷದಿಂದ ಕೇಳದಿದ್ದ ತೊದಲು. ಯಾರೂ ನಗಲಿಲ್ಲ. ತೊದಲಿಗೆ ನಕ್ಕವರ ಬೆನ್ನಿಗೆ ಟೀಚರ ಬಿದಿರು ಕೋಲು ಬೀಳುತ್ತಿತ್ತು.

ಎರಡನೆಯ ಸಲ ಶ್ರುತಿ ತೀರ ಕೆಳಗಾಯಿತು. ಮೂರನೆಯ ಸಲ ಗಂಡಸರ ದನಿ ತಾಳ ಬಿಟ್ಟು ಮುಂದೋಡಿತು. ಹೊತ್ತವರಿಗೆ ಹೆಗಲು ಸೋತು, ಪೆಟ್ಟಿಗೆಯನ್ನು ಹಲಗೆಯ ಎದುರಿಗೇ ಇಳಿಸಿದರು. ಹತ್ತೋ ಹದಿನೈದೋ ಸಲ ಮೊದಲಿಟ್ಟೆವು, ನಿಲ್ಲಿಸಿದೆವು. ನಡುವೆ ಚರ್ಚಿನ ಮಧ್ಯಾಹ್ನದ ಗಂಟೆ ಹನ್ನೆರಡೂ ಹೊಡೆಯಿತು.

ಕೊನೆಗೊಮ್ಮೆ ಹೆಂಗಸರ ಎರಡು, ಗಂಡಸರ ಎರಡು, ನಾಲ್ಕೂ ದನಿ ಕೂಡಿ ಬಂದವು. ಕಡೆಯ ಸಾಲಿನಲ್ಲಿ ನನ್ನ ಪಕ್ಕದವನ ಸ್ವರ ಕೂದಲೆಳೆಯಷ್ಟು ಜಾರಿತು. ಅಲ್ಲಿದ್ದವರಲ್ಲಿ ಅದು ಇನ್ನಾರಿಗೂ ತಿಳಿದಿರಲಾರದು. ಟೀಚರಿಗೆ ತಿಳಿಯುತ್ತಿತ್ತು.

ನಾನು ಕೈಯೆತ್ತಿದೆ.

"ಮತ್ತೆ ಮೊದಲಿಂದ."