ಚೆಲುವರಾಜು ಕೂರದೇ ಹೋದದ್ದು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂಬುದೇ ತೊಂದರೆ. ನಾಯಕನ ಮುಖದಿಂದ ಅನ್ನೋಣವೆಂದರೆ ಕಥೆ ಇರುವುದು ಅಲ್ಲಲ್ಲ. ಬೆನ್ನುಮೂಳೆ ಮುಗಿದು ಕುಂಡಿಯ ಸೀಳು ಶುರುವಾಗುವ ಕಡೆ, ಹೆಬ್ಬೆರಳಗಲದ ಜಾಗದಲ್ಲಿದೆ. ಮುಖ ಸಿಂಡರಿಸಬೇಡಿ ಓದುಗರೇ, ಆ ಜಾಗ ನಿಮಗೂ ಇದೆ.

ಮೊದಲ ಕರಡು ಹೀಗಿತ್ತು: 'ಐವತ್ತೆಂಟನೇ ಇಸವಿಯ ಒಂದು ಮುಂಜಾನೆ ಚಾಮುಂಡಿ ಬೆಟ್ಟದ ಮೇಲೆ ಎಳೆಬಿಸಿಲು...' ಹರಿದು ಹಾಕಿದೆ. ಬೆಟ್ಟಕ್ಕೂ ಕೀವಿಗೂ ಏನು ಸಂಬಂಧ?

೨

ಚೆಲುವರಾಜು ಹುಣಸೂರು ಬಸ್ಸಿನ ಡ್ರೈವರು. ನಜರ್‌ಬಾದಿನ ವಠಾರದಲ್ಲಿ ಮನೆ. ಭಾಗ್ಯಮ್ಮನನ್ನು ಮದುವೆಯಾಗಿ ವರ್ಷ ತುಂಬಿರಲಿಲ್ಲ. ಆಗ ಆ ಜಾಗದಲ್ಲಿ ಒಂದು ಗಂಟು ಎದ್ದಿತು. ಕೆಂಪಾಯಿತು, ಒಡೆಯಿತು, ಒಣಗಿತು. ಮತ್ತೆ ಎದ್ದಿತು. ಕುರು ಅಂದುಕೊಂಡು ಯಾರಿಗೂ ಹೇಳದೆ ಬಿಸಿನೀರಿನ ಬಟ್ಟೆ ಒತ್ತಿಕೊಂಡ. ಬಸ್ಸಿನಲ್ಲಿ ಒಂದು ಪಕ್ಕಕ್ಕೆ ವಾಲಿ ಕೂತು ಸ್ಟೇರಿಂಗ್ ತಿರುಗಿಸಿದ, ರಸ್ತೆಯ ಗುಂಡಿ ಬಂದಾಗ ಹಲ್ಲು ಕಚ್ಚಿದ. ಮನೆಯಲ್ಲಂತೂ ಕೂರುವುದನ್ನೇ ಬಿಟ್ಟ. ಕಾಫಿಯೂ ನಿಂತೇ, ಊಟವೂ ನಿಂತೇ; ಭಾಗ್ಯಮ್ಮ ಕೇಳಿದರೆ 'ಹೊತ್ತಾಯ್ತು' ಅನ್ನುತ್ತಿದ್ದ.

ಇಷ್ಟು ಬರೆಯುವಷ್ಟರಲ್ಲಿ ಅವನೇ ನನ್ನ ಮೇಜಿನ ಪಕ್ಕ ಬಂದು ನಿಂತ. (ಕೂತ್ಕೋ ಅನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ.)

"ಸ್ವಾಮಿ, ಕಾಯಿಲೇನ ಎದೆಗೆ ಹಾಕಿ. ಎದೆನೋವು ಅಂದ್ರೆ ಒಂದು ಮರ್ವಾದೆ ಅದೆ."

"ಎದೆ ಖಾಲಿ ಇಲ್ಲ ಕಣಯ್ಯ. ಕಥೆ ಬರೆಯೋರೆಲ್ಲ ಅಲ್ಲೇ ಬಿಡಾರ ಹೂಡಿದ್ದಾರೆ."

"ಬೆನ್ನಿಗಾದ್ರೂ?"

"ಬೆನ್ನಿನ ಕೊನೆಗೇ ಹಾಕಿದ್ದೀನಲ್ಲ."

೩

ಹಬ್ಬಕ್ಕೆ ಮಾವನ ಮನೆಗೆ ಹೋದಾಗ ಅತ್ತೆ ಮಣೆ ಹಾಕಿ ಎಲೆ ಹಾಸಿದರು. ಅಳಿಯ ಗೋಡೆಗೆ ಹೆಗಲು ಕೊಟ್ಟು ನಿಂತವನು "ಹಸಿವಿಲ್ಲ" ಅಂದ. ಮಾವ ಕರೆದರು, ಅತ್ತೆ ಬೇಡಿಕೊಂಡರು. ಆಸಾಮಿ ಮಿಸುಕಲಿಲ್ಲ. ಭಾಗ್ಯಮ್ಮ ತಲೆ ತಗ್ಗಿಸಿಕೊಂಡು ಎಲೆ ಎತ್ತಿದಳು. ಮನೆಗೆ ಬಂದವಳೇ ಟ್ರಂಕಿಗೆ ಸೀರೆ ತುಂಬತೊಡಗಿದಳು.

(ಇಲ್ಲೇ ಅವಳನ್ನು ತವರಿಗೆ ಅಟ್ಟಿಬಿಟ್ಟಿದ್ದರೆ ಒಳ್ಳೆಯ ದುರಂತ ಕಥೆಯಾಗುತ್ತಿತ್ತು. ಟ್ರಂಕಿನ ಚಿಲಕದವರೆಗೂ ಬರೆದಿದ್ದೆ. ಚೆಲುವರಾಜು ನನ್ನ ಕೈ ಹಿಡಿದುಕೊಂಡು "ನೀವೇ ಹೇಳಿ ಅವಳಿಗೆ" ಅಂದ. "ಹೆಂಡತಿ ನಿನ್ನವಳು, ನೀನೇ ಹೇಳು" ಅಂದೆ.)

"ನಂಗೆ ಕೂರಕ್ಕಾಗಲ್ಲ ಕಣೇ," ಅಂದ.

"ಗೊತ್ತು ಬುಡಿ. ನಮ್ಮಪ್ಪನ ಮನೇಲಿ ನಿಮ್ಗೆ ಎಂಗೆ ಕೂರಕ್ಕಾದದು?"

"ಅಲ್ಲಲ್ಲ. ಎಲ್ಲೂ ಕೂರಕ್ಕಾಗಲ್ಲ."

ಅವಳು ತಿರುಗಿ ನೋಡಿದಳು. ಬಾಯಲ್ಲಿ ಹೇಳಲಾಗದ್ದನ್ನು ಅವನು ಗೋಡೆಯ ಕಡೆ ಮುಖ ಮಾಡಿ, ಪಂಚೆ ಸಡಿಲಿಸಿ ತೋರಿಸಿದ. ಭಾಗ್ಯಮ್ಮ ಬೆಳಕಿಗೆಂದು ಕಿಟಕಿ ತುಸು ತೆರೆದು, ಬಗ್ಗಿ ಗಾಯ ನೋಡಿದಳು. ಊದಿ ಕೆಂಪಗಾಗಿತ್ತು, ನಡುವೆ ಸೂಜಿಮೊನೆಯಂಥ ತೂತು. ಮೈ ಕೆಂಡದಂತೆ ಸುಡುತ್ತಿತ್ತು.

"ಇದನ್ನಿಟ್ಕಂಡು ಬಸ್ ಓಡ್ಸಿದ್ರಾ?" ಅಂದಳು. ಆಮೇಲೆ ಟ್ರಂಕಿನ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಾನೇ ಬ್ಯಾಡವಾದ್ನೇನೋ ಅಂದ್ಕಂಡಿದ್ದೆ."

೪

ದೊಡ್ಡಾಸ್ಪತ್ರೆಯ ಸರ್ಜನ್ ಗುರುಸಿದ್ದಯ್ಯ ಅಂದೇ ಬಾವು ಕೊಯ್ದು ಕೀವು ತೆಗೆದರು. ಚೆಲುವರಾಜು ಒಮ್ಮೆ ಕಿರುಚಿದ; ಮರುಕ್ಷಣವೇ ಆ ತಿಂಗಳುಗಟ್ಟಲೆಯ ಸಿಡಿತ ಇಳಿದುಹೋಯಿತು. ಮಕಾಡೆ ಮಲಗಿದ ಹಾಗೇ ನಿದ್ದೆಹೋದ. (ಮೂರು ಪುಟದ ಕನಸೊಂದನ್ನು ಸಿದ್ಧಮಾಡಿಟ್ಟಿದ್ದೆ. ಅವನ ಗೊರಕೆ ಕೇಳಿ ಬೇಡವೆನಿಸಿತು.)

"ಇದು ಬರೀ ಕುರು ಅಲ್ಲ ಕಣ್ರೀ," ಅಂದರು ಡಾಕ್ಟರು, ಅವನು ಎಚ್ಚೆತ್ತ ಮೇಲೆ. "ಕೂತು ಕೂತು, ಬಸ್ಸು ಕುಲುಕಿ ಕುಲುಕಿ, ಉದುರಿದ ಕೂದಲು ಚರ್ಮ ಕೊರ್ಕೊಂಡು ಒಳಗೆ ಸೇರಿ ಗೂಡು ಕಟ್ಟಿದೆ. ಬರೀ ಕೀವು ತೆಗೆದ್ರೆ ಮತ್ತೆ ಬರುತ್ತೆ. ಉರಿ ಇಳಿದ್ಮೇಲೆ ಗೂಡು ಸಮೇತ ತೆಗೆದುಬಿಡೋಣ. ಯುದ್ಧದಲ್ಲಿ ಜೀಪ್ ಓಡಿಸ್ತಿದ್ದ ಸೋಲ್ಜರ್‌ಗಳಿಗೂ ಇದೇ ಬರ್ತಿತ್ತು."

ಚೆಲುವರಾಜು ನನ್ನ ಕಡೆ ಕತ್ತು ತಿರುಗಿಸಿದ. "ಕೇಳುಸ್ಕಂಡ್ರಾ? ಸೋಲ್ಜರ್ ಕಾಯಿಲೆ. ಬರ್ಕಳಿ."

೫

ಆಪರೇಷನ್ನಿನ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಸೊಂಟದಿಂದ ಕೆಳಗೆ ಯಾರದೋ ಮೈ ಅನ್ನಿಸಿತು. ಗೂಡನ್ನು ಕೊಯ್ದು ತೆಗೆದಾಗ ಅದರೊಳಗೆ ಕೂದಲಿನ ಪುಟ್ಟ ಕುಚ್ಚೇ ಇತ್ತು. ವಾರ್ಡಿಗೆ ತಂದ ಮೇಲೆ ಬ್ಯಾಂಡೇಜ್ ಬಿಚ್ಚಿದಾಗ ನೋಡಿದರೆ ಗಾಯಕ್ಕೆ ಹೊಲಿಗೆಯೇ ಇಲ್ಲ. ಭಾಗ್ಯಮ್ಮ ಗಾಬರಿಯಾದಳು.

"ಮರೆತಿಲ್ಲ ಕಣಮ್ಮ," ಅಂದಳು ನರ್ಸ್ ಅಮಲಮೇರಿ. "ಮೇಲೆ ಹೊಲಿದ್ರೆ ಒಳಗೆ ಮತ್ತೆ ಕೀವು ಕಟ್ಟಬೋದು. ತಳದಿಂದ ತುಂಬ್ಕೊಂಡು ಬರಬೇಕು. ದಿನಾ ತೊಳೆದು ಹೊಸ ಬಟ್ಟೆ ತುರುಕಬೇಕು, ಸುತ್ತ ಕೂದಲು ಬೆಳೀದಂಗೆ ನೋಡ್ಕೋಬೇಕು. ಮನೇಲಿ ಯಾರು ಮಾಡ್ತಾರೆ?"

ಚೆಲುವರಾಜು ದಿಂಬಿನಲ್ಲಿ ಮುಖ ಹುದುಗಿಸಿದ.

"ನಾನು," ಅಂದಳು ಭಾಗ್ಯಮ್ಮ. "ಕೈ ಎಂಗೆ ತೊಳ್ಕೋಬೇಕು, ತೋರ್ಸಿ."

(ಮುಚ್ಚದ ಗಾಯ, ಮುಗಿಯದ ಕಥೆ, ಎಂಥ ಉಪಮೆ ಎಂದು ಪೆನ್ನಿನ ಕ್ಯಾಪು ಬಿಚ್ಚಿದೆ. "ಗಾಯ ನಂದು," ಅಂತ ದಿಂಬಿನೊಳಗಿಂದ ದನಿ ಬಂತು. "ಅದನ್ನ ಬುಟ್ಬುಡಿ." ಬಿಟ್ಟೆ.)

೬

ಮುಕ್ತಾಯ, ಒಂದು: ಗಾಯ ಪೂರ್ತಿ ಮಾಯ್ದು, ಅವನು ಹಾರ್ನ್ ಬಾರಿಸುತ್ತ ಹುಣಸೂರಿಗೆ ಹೊರಟ.

ಮುಕ್ತಾಯ, ಇನ್ನೊಂದು: ಮತ್ತೆ ಗಂಟು ಎದ್ದಿತು. ಬರಬಹುದು ಅಂತ ಡಾಕ್ಟರೂ ಹೇಳಿದ್ದರು. ಈ ಸಲ ಅವನು ಮೊದಲ ದಿನವೇ ಹೆಂಡತಿಯನ್ನು ಕರೆದ.

ಯಾವುದು ಬೇಕು ಎಂದು ಕೇಳೋಣವೆಂದು ವಠಾರಕ್ಕೆ ಹೋದೆ. ಭಾಗ್ಯಮ್ಮ ನೀರು ಕಾಯಿಸುತ್ತಿದ್ದಳು. "ಗಾಯ ತಳದಿಂದ ತುಂಬ್ಕಂಡು ಬತ್ತಾ ಅದೆ," ಅಂದಳು. ಅವನು ಚಾಪೆಯ ಮೇಲೆ ಮಕಾಡೆ ಮಲಗಿ ಕಡ್ಲೆಪುರಿ ಮೆಲ್ಲುತ್ತಿದ್ದ. ನನ್ನ ಎರಡೂ ಮುಕ್ತಾಯಗಳನ್ನು ಓದಿ ಹೇಳಿದೆ. ಗಂಡಹೆಂಡಿರು ಮುಖ ಮುಖ ನೋಡಿಕೊಂಡರು.

"ಅದಿರ್ಲಿ, ನೀವೊಸಿ ಆಚೆಗೋಗಿ ಸ್ವಾಮಿ," ಅಂದಳು. "ಬ್ಯಾಂಡೇಜ್ ಬದಲಾಯಿಸ್ಬೇಕು."

ಹೊರಗೆ ಬಂದೆ. ಬಾಗಿಲು ಹಾಕಿಕೊಂಡಿತು. ಸ್ವಲ್ಪ ಹೊತ್ತಿಗೆ ಒಳಗೆ ಅವನೇನೋ ಅಂದ, ಅವಳೇನೋ ಅಂದಳು, ಇಬ್ಬರೂ ನಗತೊಡಗಿದರು. ಏನಂದರೋ ನನಗೆ ಕೇಳಿಸಲಿಲ್ಲ.