ಹಸಿರು ಚುಕ್ಕೆಯ ಟ್ಯೂಬು

ಬಿಸಿನೀರಿನ ತೊಟ್ಟಿಯಿಂದ ಕೊನೆಯ ಟ್ಯೂಬನ್ನು ಎತ್ತಿ ಸ್ನಾನದಕ್ಕ ಬೆಳಕಿಗೆ ಹಿಡಿದಳು. ಮುಚ್ಚಳದ ಮೇಲೆ ಹಸಿರು ಚುಕ್ಕೆ. ಐಸಿನಲ್ಲಿರಬೇಕಾದದ್ದು ಐವತ್ತಾರು ಡಿಗ್ರಿಯಲ್ಲಿ ಅರ್ಧ ಗಂಟೆ ಕೂತಿತ್ತು.

ಲ್ಯಾಬಿಗೆ ಬರುವ ಸೀರಮ್ ಅನ್ನೆಲ್ಲ, ಎಂದರೆ ರಕ್ತದ ತಿಳಿಯನ್ನೆಲ್ಲ, ಬೆಳಿಗ್ಗೆ ಹೀಗೆ ಬಿಸಿ ಮಾಡುವುದು ಇಪ್ಪತ್ತು ವರ್ಷದಿಂದ ಅವಳ ಕೆಲಸ. ಆ ಅಡ್ಡಹೆಸರು ಬಿದ್ದದ್ದೂ ಅದರಿಂದಲೇ. ಬಿಸಿಗೆ ರಕ್ತದ ಕಾವಲು ಪ್ರೋಟೀನುಗಳು ಕೆಡುತ್ತವೆ, ಮುಂದಿನ ಪರೀಕ್ಷೆಗಳಲ್ಲಿ ಮೂಗು ತೂರಿಸುವುದಿಲ್ಲ. ಆದರೆ ಈ ಟ್ಯೂಬಿನಲ್ಲಿ ಹುಡುಕಬೇಕಾಗಿದ್ದುದೇ ಅಂಥ ಒಂದು ಪ್ರೋಟೀನನ್ನು. ಮೂರನೇ ಸಲ ಮೆದುಳು ಜ್ವರ ಬಂದು ಮೇಲಿನ ವಾರ್ಡಿನಲ್ಲಿ ಮಲಗಿದ್ದ ಏಳು ವರ್ಷದ ಹುಡುಗಿಗೆ ಅದು ಹುಟ್ಟಿನಿಂದಲೇ ಇಲ್ಲವೆಂದು ಡಾಕ್ಟರ ಅನುಮಾನ.

"ಸುಮ್ನೆ ಪರೀಕ್ಷೆಗೆ ಹಾಕ್ಬಿಡಕ್ಕ," ಎಂದ ಪಕ್ಕದ ಮೇಜಿನವನು. "ಸೊನ್ನೆ ಬರತ್ತೆ. ಡಾಕ್ಟ್ರೂ ಸೊನ್ನೇನೇ ಕಾಯ್ತಾ ಕೂತಿದಾರೆ. ಯಾರಿಗೆ ಗೊತ್ತಾಗತ್ತೆ?"

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳನ್ನು ಕಾಡಿದ್ದೇ ಅದು. ಆ ಸೊನ್ನೆ ಸುಳ್ಳಾದರೆ ತನಗಿಲ್ಲದ ಕೊರತೆಗೆ ಹುಡುಗಿ ಬದುಕಿಡೀ ಮದ್ದು ತಿನ್ನುತ್ತಾಳೆ; ನಿಜವಾದ ರೋಗ ಒಳಗೇ ಉಳಿಯುತ್ತದೆ. ಐಸಿನ ಡಬ್ಬಿ ಹಿಡಿದು, ನೋಯುವ ಮೊಣಕಾಲಲ್ಲಿ ಮೂರು ಮಹಡಿ ಹತ್ತಿದಳು.

ಹುಡುಗಿಯ ಎರಡೂ ಕೈ ಬೆಳಗಿನ ಸೂಜಿಗೆ ನೀಲಿಗಟ್ಟಿದ್ದವು.

"ತಪ್ಪು ನಂದೇ ಕಣಮ್ಮ," ಎಂದಳು ತಾಯಿಗೆ. "ರಕ್ತ ಕೆಡಿಸಿಬಿಟ್ಟೆ. ಇನ್ನೊಂದ್ಸಲ ಬೇಕು."

ತಾಯಿ ಬೈಯಲಿಲ್ಲ, ಬೈಯುವ ತ್ರಾಣವಿದ್ದಂತಿರಲಿಲ್ಲ. "ಅದ್ರಲ್ಲಿ ಅದೇನು ಹುಡುಕ್ತೀರಿ?"

"ಆರು ಹೂವಿನ ಗೊಂಚಲಿನ ಥರ ಒಂದು ಪ್ರೋಟೀನು. ಕಾಂಡಗಳೆಲ್ಲ ಬುಡದಲ್ಲಿ ಸೇರಿರ್ತವೆ. ಕ್ರಿಮಿ ಸಿಕ್ಕಿದ್ರೆ ಹೂಗಳು ಕಚ್ಚಿ ಹಿಡೀತವೆ, ಬುಡದಿಂದ ಜೊತೆಯವಕ್ಕೆ ಸುದ್ದಿ ಹೋಗತ್ತೆ. ಅವು ಬಂದು ಕ್ರಿಮಿಗೆ ತೂತು ಕೊರೀತವೆ. ಬಿಸಿ ತಾಗಿದ್ರೆ ಹೂಗಳೇ ಬಾಡ್ತವೆ. ನಾನು ಬಿಸಿನೀರಲ್ಲಿ ಇಟ್ಬಿಟ್ಟೆ."

ಹುಡುಗಿ ಕಣ್ಣು ತೆರೆದಳು. "ನನ್ ರಕ್ತಕ್ಕೆ ಸ್ನಾನ ಮಾಡಿಸಿದ್ರಾ? ನಂಗೇ ನಾಲ್ಕು ದಿನದಿಂದ ಇಲ್ಲ!"

ತಾಯಿಗೆ ನಗು ಬಂತು, ಜೊತೆಗೆ ಕಣ್ಣೀರೂ. ಕೊನೆಗೆ ಪಾದದ ಮೇಲೆ ಒಂದು ನರ ಸಿಕ್ಕಿತು.

ಮಧ್ಯಾಹ್ನ ಕುರಿಯ ರಕ್ತದ ಕೆಂಪು ಕಣಗಳ ಎರಡು ಟ್ಯೂಬು ಜೋಡಿಸಿದಳು. ಕಾವಲು ಪ್ರೋಟೀನುಗಳು ಸರಿಯಿದ್ದರೆ ಕ್ರಿಮಿಗಳಂತೆ ಈ ಕಣಗಳಿಗೂ ತೂತು ಬೀಳಬೇಕು. ಒಂದಕ್ಕೆ ಹುಡುಗಿಯ ಸೀರಮ್, ಹೋಲಿಕೆಗೆಂದು ಇನ್ನೊಂದಕ್ಕೆ ತನ್ನದೇ. ತನ್ನದರಲ್ಲಿ ಕಣಗಳು ಒಡೆದು ನೀರೆಲ್ಲ ದಾಳಿಂಬೆ ಬಣ್ಣವಾಯಿತು. ಹುಡುಗಿಯದರಲ್ಲಿ ಅವು ಅಂಗಿಯ ಗುಂಡಿಯಂತೆ ತಳದಲ್ಲಿ ಕೂತವು. ಮೇಲೆ ಬರೀ ತಿಳಿನೀರು.

"ಅದೇ ಸೊನ್ನೆ," ಎಂದ ಪಕ್ಕದವನು. "ಮಗೂನ ಸುಮ್ನೆ ಚುಚ್ಚಿದ ಹಾಗಾಯ್ತು."

"ಬೆಳಗಿನ ಸೊನ್ನೆ ನಂದಾಗಿರ್ತಿತ್ತು ಕಣೋ, ಇದು ಅವಳದು," ಎಂದು ವರದಿಯ ಹಾಳೆ ಎಳೆದುಕೊಂಡಳು. ಬರೆಯುವ ಮೊದಲು ತನ್ನ ಟ್ಯೂಬನ್ನು ಎತ್ತಿ ಹಿಂದಿನ ಸಾಲಿಗೆ ಸರಿಸಿದಳು. ಹುಡುಗಿಯ ತಿಳಿನೀರಿನ ಪಕ್ಕ ಆ ಕೆಂಪನ್ನು ನೋಡಲಾಗುತ್ತಿರಲಿಲ್ಲ.